ಅಪ್‌ಡೇಟ್: ಯುದ್ಧದಲ್ಲಿ ಬಿದ್ದ ಫೈಟರ್ ವಿಮಾನದ ಹತ್ತಿರ ಸಿಕ್ಕ ಮೂಳೆ ಯಾರದ್ದು ಅಂತ ಹೇಗೆ ಗೊತ್ತಾಗುತ್ತದೆ?

ಹೋದ ತಿಂಗಳು ಈ ಪ್ರಶ್ನೆ ಕೇಳಿದ್ದೆ. ಬೀದರ್‌ನ ನಮ್ಮ ಮನೆ ಮಾಳಿಗೆ ಮೇಲೆ ತರಬೇತಿ ವಿಮಾನಗಳು ಹಾರುವುದನ್ನು ನೋಡುತ್ತಾ ಅಜ್ಜಿ ಕೇಳಿದ ಮಾತು ಅದು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಆಮೇಲೆ ಓದಿ ತಿಳಿದಿದ್ದು ಇಷ್ಟು.

ಇಂಜಿನ್ ಮತ್ತು ಗನ್ ಮೇಲಿನ ನಂಬರ್ ಸಿಕ್ಕರೆ ವಿಮಾನ ಯಾವುದು ಅಂತ ತಿಳಿಯುತ್ತದೆ. ಅವತ್ತು ಯಾರು ಹಾರಿಸುತ್ತಿದ್ದರು ಅಂತ ದಾಖಲೆ ಹೇಳುತ್ತದೆ. ಆದರೆ ಅಷ್ಟಕ್ಕೇ ಹೆಸರು ಹೇಳಿಬಿಡುವುದಿಲ್ಲ. ಮಣ್ಣನ್ನು ಜರಡಿ ಹಿಡಿಯುತ್ತಾರೆ, ಒಂದು ಹಲ್ಲು ಸಿಕ್ಕರೂ ಹಳೇ ದಂತ ದಾಖಲೆಗೆ ಹೋಲಿಸುತ್ತಾರೆ.

ನನಗೆ ಜಾಸ್ತಿ ತಟ್ಟಿದ್ದು ಡಿಎನ್‌ಎ ವಿಷಯ. ಹಳೇ ಮೂಳೆಯಲ್ಲಿ ಹೆಚ್ಚಾಗಿ ಉಳಿಯುವುದು ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಕೊಡುವ ಪುಟ್ಟ ಭಾಗದ) ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ಹಾಗಾಗಿ ಪೈಲಟ್‌ನ ಸ್ವಂತ ಮಕ್ಕಳದ್ದು ಹೊಂದುವುದಿಲ್ಲ, ಅಕ್ಕ-ತಂಗಿಯರದ್ದು, ಅವರ ಮಕ್ಕಳದ್ದು ಹೊಂದುತ್ತದೆ. ಅವರ ಡಿಎನ್‌ಎ ತೆಗೆಯಲು ಕೆನ್ನೆಯ ಒಳಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿದರೆ ಸಾಕು.

ಅಜ್ಜಿಗೆ ಹೇಳಿದೆ. ಬಿಡಿಸುತ್ತಿದ್ದ ತೊಗರಿಕಾಯಿ ಬುಟ್ಟಿ ಪಕ್ಕಕ್ಕಿಟ್ಟು, "ಹಂಗಾದ್ರ ಅಕ್ಕ-ತಂಗ್ಯಾರ ರಕ್ತಾನೇ ಸಾಕ್ಷಿ ಹೇಳ್ತದ" ಅಂದರು.

ಎರಡನೇ ಮಹಾಯುದ್ಧದ ಅಮೆರಿಕದ ಸೈನಿಕರಲ್ಲೇ ಸುಮಾರು 72,000 ಮಂದಿ ಇನ್ನೂ ಪತ್ತೆಯಿಲ್ಲ. ನಮ್ಮಲ್ಲೂ 1968ರಲ್ಲಿ 102 ಜನರಿದ್ದ ವಾಯುಪಡೆಯ ಎಎನ್-12 ಹಿಮಾಚಲದ ಹಿಮದಲ್ಲಿ ಮರೆಯಾಗಿತ್ತು. ಅದು ಯುದ್ಧ ವಿಮಾನವಲ್ಲ, ಸಾಗಣೆ ವಿಮಾನ, ನಿಜ. ಆದರೂ 2024ರಲ್ಲಿ ಅಲ್ಲಿಂದ ನಾಲ್ವರ ದೇಹ ತಂದರು. 56 ವರ್ಷ ಆದಮೇಲೆ! "ಅವರವ್ವ ಇದ್ದಿದ್ರ..." ಅಂತ ಅಜ್ಜಿ ಮಾತು ನಿಲ್ಲಿಸಿ, ಮತ್ತೆ ಬುಟ್ಟಿ ಎಳೆದುಕೊಂಡರು.