ಬ್ರಿಕ್ಸ್ ಚೆನ್ನಾಗಿದೆ, ಪಾಕವೂ ಬರುತ್ತಿದೆ, ಆದರೂ ಬೆಲ್ಲ ಕಟ್ಟುತ್ತಿಲ್ಲ. ಏನು ಮಾಡೋದು?

ಮದ್ದೂರು_ಆಲೆಮನೆ:
ನಮಸ್ಕಾರ. ಮದ್ದೂರು ಕಡೆ ನಮ್ಮದೊಂದು ಸಣ್ಣ ಆಲೆಮನೆ ಇದೆ. ಬಿಸಿಲು ಏರಿದಾಗಿನಿಂದ ಬೆಲ್ಲ ಸರಿಯಾಗಿ ಕಟ್ಟುತ್ತಿಲ್ಲ. ಅಚ್ಚಿನಿಂದ ತೆಗೆದರೆ ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಬೆರಳಿಟ್ಟರೆ ಅಂಟುತ್ತದೆ. ಬೆಳಗಾಗುವಷ್ಟರಲ್ಲಿ ಬೆವರಿರುತ್ತದೆ. ಕಬ್ಬು ಕೋ 62175 ತಳಿ. ಕಬ್ಬಿನ ಹಾಲಿನ ಬ್ರಿಕ್ಸ್ (ಅದರಲ್ಲಿ ಕರಗಿರುವುದರ ಅಳತೆ) 20ರ ಹತ್ತಿರ ಇದೆ, ಅಂದರೆ ಸಕ್ಕರೆ ಚೆನ್ನಾಗೇ ಇದೆ ಅಲ್ವಾ? ಪಾಕವನ್ನು 118 ಡಿಗ್ರಿಗೆ ಇಳಿಸುತ್ತೇವೆ, ತಣ್ಣೀರಿಗೆ ಬಿಟ್ಟರೆ ಉಂಡೆಯೂ ಆಗುತ್ತದೆ. ಆಳು ಸಿಗದೆ ಕಡಿದ ಕಬ್ಬು ಎರಡು ಮೂರು ದಿನ ಅಂಗಳದಲ್ಲಿ ಬಿದ್ದಿರುವುದುಂಟು. ಇನ್ನೂ ಸ್ವಲ್ಪ ಕಾಯಿಸಿದರೆ ಸರಿಹೋಗುತ್ತದಾ? ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಹಾಕು ಅಂತ ಒಬ್ಬರು ಹೇಳಿದರು.

ಮಂಡ್ಯ_ಕೆಮಿಸ್ಟ್ರಿ:
ದಯವಿಟ್ಟು ಇನ್ನೂ ಕಾಯಿಸಬೇಡಿ. ನಿಮ್ಮ ತೊಂದರೆ ಕೊಪ್ಪರಿಗೆಯಲ್ಲಿ ಶುರುವಾದದ್ದಲ್ಲ, ಅಂಗಳದಲ್ಲೇ ಶುರುವಾಗಿದೆ.

ಕಬ್ಬಿನ ಸಕ್ಕರೆ ಅಂದರೆ ಸುಕ್ರೋಸ್. ಅದರ ಒಂದೊಂದು ಅಣುವಿನಲ್ಲೂ ಎರಡು ಉಂಗುರ. ಆರು ಮೂಲೆಯದು ಗ್ಲೂಕೋಸ್, ಐದು ಮೂಲೆಯದು ಫ್ರಕ್ಟೋಸ್. ಗ್ಲೂಕೋಸಿನ ಒಂದನೇ ಕಾರ್ಬನ್ನು ಮತ್ತು ಫ್ರಕ್ಟೋಸಿನ ಎರಡನೇ ಕಾರ್ಬನ್ನಿನ ನಡುವೆ ಒಂದು ಆಕ್ಸಿಜನ್ ಕೂತು ಎರಡನ್ನೂ ಹಿಡಿದಿರುತ್ತದೆ. ನಿಮ್ಮ ಬೆಲ್ಲ ನಿಂತಿರುವುದೇ ಆ ಒಂದು ಕೊಂಡಿಯ ಮೇಲೆ. ಕಬ್ಬಿನಲ್ಲೇ ಇನ್ವರ್ಟೇಸ್ ಅನ್ನುವ ಕಿಣ್ವ ಇದೆ, ಕಡಿದ ಮೇಲೆ, ಅದೂ ಈ ಬಿಸಿಲಲ್ಲಿ, ಅದು ಒಂದು ನೀರಿನ ಅಣು ಸೇರಿಸಿ ಆ ಕೊಂಡಿಯನ್ನು ಕತ್ತರಿಸುತ್ತಾ ಹೋಗುತ್ತದೆ. ಹುಳಿ ಮತ್ತು ಕಾವು ಸೇರಿದರೂ ಅದೇ ಕೆಲಸ ಆಗುತ್ತದೆ. ಒಂದೇ ಅಚ್ಚಿನ ಇಟ್ಟಿಗೆಗಳು ಸಾಲಾಗಿ ಕೂರುತ್ತವೆ, ನಡುವೆ ಬೇರೆ ಅಳತೆಯವು ಬಂದರೆ ಸಾಲು ಕೆಡುತ್ತದೆ. ಸುಕ್ರೋಸ್ ಹರಳುಗಟ್ಟುವಾಗಲೂ ಹಾಗೇ, ಒಡೆದ ತುಂಡುಗಳು ಅಡ್ಡ ಬರುತ್ತವೆ. ಫ್ರಕ್ಟೋಸ್ ಅಂತೂ ತಾನೂ ಸುಲಭಕ್ಕೆ ಹರಳಾಗುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಬೆಲ್ಲ ಬೆವರುವುದು ಅದಕ್ಕೇ.

ಬ್ರಿಕ್ಸ್ ನಂಬಿ ಕೂರಬೇಡಿ. ಅದು ಹಾಲಿನಲ್ಲಿ ಎಷ್ಟು ಕರಗಿದೆ ಅಂತ ಹೇಳುತ್ತದೆ, ಕರಗಿದ್ದು ಯಾವ ಸಕ್ಕರೆ ಅಂತ ಹೇಳುವುದಿಲ್ಲ. ಲೆಕ್ಕ ನೋಡಿ: 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರು ನುಂಗಿ 360 ಗ್ರಾಂ ಗ್ಲೂಕೋಸ್–ಫ್ರಕ್ಟೋಸ್ ಆಗುತ್ತದೆ. ಅಂದರೆ ಸಕ್ಕರೆ ಒಡೆದಾಗ ಬ್ರಿಕ್ಸ್ ಇಳಿಯುವ ಬದಲು ಚೂರು ಏರಲೂಬಹುದು! ಅಂಗಳದಲ್ಲಿ ಒಣಗಿದ ಕಬ್ಬಿನಲ್ಲಿ ನೀರು ಆರಿ ಇನ್ನೂ ಏರುತ್ತದೆ.

ಹೈಡ್ರೋಸ್ ಬಣ್ಣ ತಿಳಿ ಮಾಡುತ್ತದೆ ಅಷ್ಟೇ. ಮುರಿದ ಕೊಂಡಿಯನ್ನು ಕೂಡಿಸುವುದಿಲ್ಲ. ತಿನ್ನುವ ಪದಾರ್ಥಕ್ಕೆ ಅದು ಬೇಡವೇ ಬೇಡ.

ಮದ್ದೂರು_ಆಲೆಮನೆ:
ಅರ್ಥ ಆಯ್ತು ಸರ್. ಆದರೆ ಅಪ್ಪ ಸುಲಭಕ್ಕೆ ಒಪ್ಪುವವರಲ್ಲ, ಕಣ್ಣಿಗೆ ಕಾಣುವ ಹಾಗೆ ತೋರಿಸೋದು ಹೇಗೆ?

ಮಂಡ್ಯ_ಕೆಮಿಸ್ಟ್ರಿ:
ಬೆನೆಡಿಕ್ಟ್ ದ್ರಾವಣ ತನ್ನಿ, ಅದು ಒಡೆದ ಸಕ್ಕರೆಯನ್ನು ಬಣ್ಣ ಬದಲಿಸಿ ತೋರಿಸುವ, ತಾಮ್ರ ಇರುವ ನೀಲಿ ದ್ರಾವಣ, ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಬೆಳಗ್ಗೆ ಕಡಿದ ಕಬ್ಬಿನ ಹಾಲು ಒಂದು, ಅಂಗಳದಲ್ಲಿ ಬಿದ್ದಿದ್ದರ ಹಾಲು ಇನ್ನೊಂದು. ಎರಡಕ್ಕೂ ಒಂದೇ ಅಳತೆಯಲ್ಲಿ ಜಾಸ್ತಿ ನೀರು ಬೆರೆಸಿ, ಒಂದೇ ಅಳತೆ ದ್ರಾವಣ ಹಾಕಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಇಡಿ. ಶುದ್ಧ ಸುಕ್ರೋಸ್ ಆದರೆ ನೀಲಿ ಹಾಗೇ ಉಳಿಯುತ್ತದೆ, ಯಾಕಂದರೆ ತಾಮ್ರದ ಜೊತೆ ವರ್ತಿಸುವ ಎರಡೂ ತುದಿಗಳು ಆ ಕೊಂಡಿಯಲ್ಲೇ ಸಿಕ್ಕಿಕೊಂಡಿವೆ. ಕೊಂಡಿ ಮುರಿದಷ್ಟೂ ಹಸಿರು, ಹಳದಿ, ಆಮೇಲೆ ಇಟ್ಟಿಗೆ ಕೆಂಪು. ತಾಜಾ ಹಾಲಿನಲ್ಲೂ ಸ್ವಲ್ಪ ಬಣ್ಣ ಬಂದೇ ಬರುತ್ತದೆ, ಗಾಬರಿ ಬೇಡ. ಎರಡರ ನಡುವಿನ ವ್ಯತ್ಯಾಸ ಮುಖ್ಯ.

ಇನ್ನು ಕೆಲಸದ ಮಾತು. ಒಂದು ದಿನಕ್ಕೆ ಅರೆಯುವಷ್ಟೇ ಕಬ್ಬು ಕಡಿಸಿ. ಉಳಿದರೆ ನೆರಳಲ್ಲಿಟ್ಟು ತರಗು ಮುಚ್ಚಿ, ನೀರು ಚಿಮುಕಿಸಿ. ಎಳೆಯ ತುದಿಯನ್ನು ಪೂರ್ತಿ ಸವರಿ, ಅಲ್ಲಿ ಮೊದಲೇ ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ. ಗಾಣದ ಕೆಳಗಿನ ತೊಟ್ಟಿ ಮುಟ್ಟಿ ನೋಡಿ, ಲೋಳೆಯಾಗಿದ್ದರೆ ಅದು ಬ್ಯಾಕ್ಟೀರಿಯಾ ಕೆಲಸ. ಅವು ಸುಕ್ರೋಸ್ ಒಡೆದು ಗ್ಲೂಕೋಸನ್ನು ಉದ್ದ ಸರಪಳಿಯಾಗಿ ಹೆಣೆಯುತ್ತವೆ, ಅದೇ ಆ ಲೋಳೆ. ಹಾಲನ್ನು ಹುಳಿ ಮಾಡುವುದೂ ಅವೇ. ದಿನಾ ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ. ಹಾಲಿನ ಪಿಎಚ್ ಎಷ್ಟಿದೆ? ಅದು ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ.

ಮದ್ದೂರು_ಆಲೆಮನೆ:
ಪಿಎಚ್ ಪಟ್ಟಿ ಅದ್ದಿ ನೋಡಿದೆ, 5ಕ್ಕಿಂತ ಕೆಳಗೆ ತೋರಿಸುತ್ತಿದೆ. ಸುಣ್ಣ ಅಂದಾಜಿನ ಮೇಲೆ ಹಾಕುತ್ತೇವೆ. ತೊಟ್ಟಿ ಲೋಳೆಯಾಗಿರೋದು ನಿಜ.

ಮಂಡ್ಯ_ಕೆಮಿಸ್ಟ್ರಿ:
ತಾಜಾ ಹಾಲು 5.2ರಿಂದ 5.4ರ ಆಸುಪಾಸಿನಲ್ಲಿರಬೇಕು. ನಿಮ್ಮದು ಹುಳಿಯಾಗಿದೆ, ಇಂಥದ್ದನ್ನು ಕಾಯಿಸಿದಷ್ಟೂ ಕೊಂಡಿ ಮುರಿಯುತ್ತದೆ. ಕಾವು ಏರುವ ಮುಂಚೆಯೇ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಹಾಕಿ, ಪಟ್ಟಿ ನೋಡುತ್ತಾ 6ರಿಂದ 6.5ರ ಒಳಗೆ ನಿಲ್ಲಿಸಿ. 7 ದಾಟಿಸಬೇಡಿ, ಆಗ ಒಡೆದ ಸಕ್ಕರೆಗಳೇ ಸುಣ್ಣದಲ್ಲಿ ಕೆಟ್ಟು ಬೆಲ್ಲ ಕಪ್ಪಾಗುತ್ತದೆ. ಮಡ್ಡಿ ತೆಗೆಯಲು ಬೆಂಡೆ ಲೋಳೆ ಹಾಕುತ್ತಿದ್ದರೆ ಅದನ್ನು ಬಿಡಬೇಡಿ, ಅದು ಒಳ್ಳೆಯದೇ.

ಮದ್ದೂರು_ಆಲೆಮನೆ:
ಅಂಗಳದಲ್ಲಿ ಈಗ ಬಿದ್ದಿರೋ ಕಬ್ಬನ್ನು ಏನು ಮಾಡಲಿ? ಎಸೆಯೋಕೆ ಮನಸ್ಸಿಲ್ಲ.

ಮಂಡ್ಯ_ಕೆಮಿಸ್ಟ್ರಿ:
ಹುಳಿ ವಾಸನೆ ಬರುತ್ತಿಲ್ಲ ಅಂದರೆ ಜೋನಿ ಬೆಲ್ಲ, ಅಂದರೆ ದ್ರವ ಬೆಲ್ಲ ಮಾಡಿ. 105–106 ಡಿಗ್ರಿಗೇ ಇಳಿಸಿ. ಅಲ್ಲಿ ಹರಳು ಕಟ್ಟಲೇಬಾರದು, ಅದಕ್ಕಾಗಿಯೇ ಜೋನಿ ಮಾಡುವವರು ಚಿಟಿಕೆ ಸಿಟ್ರಿಕ್ ಆಮ್ಲವನ್ನು ಬೇಕಂತಲೇ ಹಾಕುತ್ತಾರೆ. ನಿಮ್ಮ ಹಾಲಿನಲ್ಲಿ ಸಕ್ಕರೆ ಆಗಲೇ ಒಡೆದಿರುವುದರಿಂದ ಮೊದಲ ಕೊಪ್ಪರಿಗೆಗೆ ಅದನ್ನು ಹಾಕದೆ ನೋಡಿ. ತಣ್ಣಗಾದ ಮೇಲೆ ತಿಳಿಯನ್ನು ಮಾತ್ರ ಬಾಟಲಿಗೆ ತುಂಬಿ, ಬಾಟಲಿ ಒಣಗಿರಲಿ.