ಅಪ್‌ಡೇಟ್: ಶೇವ್ ಆದ್ಮೇಲಿನ ಉರಿ, ಗುಳ್ಳೆ ಈಗ ಹತೋಟಿಗೆ ಬಂದಿದೆ

ಗುಪ್ತಾಂಗದ ಕೂದಲು ಶೇವ್ ಮಾಡಿದ ಮಾರನೇ ದಿನವೇ ಕೆಂಪು ಗುಳ್ಳೆ, ತುರಿಕೆ ಶುರುವಾಗುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ ಬಂದೆ.

ಪೂರ್ತಿ ತೆಗೆಯಲೇಬೇಕು ಅಂತೇನಿಲ್ಲ ಅಂದರು. ಅಲ್ಲಿನ ಕೂದಲು ಗುಂಗುರು. ಬುಡಕ್ಕೆ ಕತ್ತರಿಸಿದರೆ ಚೂಪಾದ ತುದಿ ಬಾಗಿ ಮತ್ತೆ ಚರ್ಮದೊಳಗೇ ನುಗ್ಗುತ್ತೆ. ಗುಳ್ಳೆ ಬರೋದು ಅದಕ್ಕೇ. ಈಗ ಟ್ರಿಮ್ಮರ್‌ನಲ್ಲಿ ಚಿಕ್ಕದು ಮಾಡಿ ಬಿಡುತ್ತೇನೆ. ಅರ್ಧ ತೊಂದರೆ ಅಲ್ಲೇ ಮುಗೀತು.

ನುಣ್ಣಗೆ ಬೇಕೇ ಬೇಕು ಅನ್ನಿಸಿದಾಗ ಮಾತ್ರ ರೇಜರ್. ಸ್ನಾನದ ಕೊನೆಗೆ, ಬಿಸಿನೀರಿಗೆ ಕೂದಲು ಮೆತ್ತಗಾದ ಮೇಲೆ, ವಾಸನೆ ಇಲ್ಲದ ಶೇವಿಂಗ್ ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಮೆಲ್ಲಗೆ ಎಳೆಯುತ್ತೇನೆ. ಚರ್ಮ ಬಿಗಿಯಾಗಿ ಎಳೆದು ಹಿಡಿಯೋದಿಲ್ಲ. ಪ್ರತಿ ಸಲ ಎಳೆದಾಗಲೂ ಬ್ಲೇಡ್ ತೊಳೆಯುತ್ತೇನೆ. ಆಮೇಲೆ ತಣ್ಣೀರು ಬಟ್ಟೆ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ, ಸಡಿಲವಾದ ಹತ್ತಿಯ ಒಳಉಡುಪು. ಅವತ್ತು ಜೀನ್ಸ್ ಬೇಡ.

ಪಟಿಕ ಉಜ್ಜಿ ಅಂದವರೇ, ಕೆನ್ನೆಗೆ ಸರಿ, ಅಲ್ಲಿಗೆ ಬೇಡ್ರಪ್ಪಾ!

ಇನ್ನೊಂದು ವಿಷಯ. ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರೋ, ಎರಡು-ಮೂರು ಔಷಧಿ ಬೆರೆಸಿದ ಕ್ರೀಮ್‌ಗಳ ಬಗ್ಗೆ ಡಾಕ್ಟರ್ ಜಾಸ್ತಿ ಹೊತ್ತು ಮಾತಾಡಿದರು. ಕೆಲವದರಲ್ಲಿ ಕ್ಲೋಬೆಟಸಾಲ್‌ನಂಥ ಜೋರು ಸ್ಟೀರಾಯ್ಡ್ ಇರುತ್ತೆ. ಉರಿ ಬೇಗ ಇಳಿಯುತ್ತೆ ಅಂತ ಹಚ್ಚುತ್ತಾ ಹೋದರೆ ತೊಡೆಸಂದಿನ ಚರ್ಮ ತೆಳುವಾಗುತ್ತೆ, ಫಂಗಸ್ ಇದ್ದರೆ ಹರಡುತ್ತೆ. ನನ್ನ ಹತ್ತಿರವೂ ಅಂಥದ್ದೇ ಒಂದು ಟ್ಯೂಬ್ ಇತ್ತು, ಅದು ಕಸಕ್ಕೆ ಹೋಯ್ತು.

ಒಳಗೇ ಸಿಕ್ಕಿಕೊಂಡ ಕೂದಲನ್ನು ಉಗುರಲ್ಲಿ ಕೀಳಬೇಡಿ. ಕೀವು, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.