ಐದು ವರ್ಷದ ಕ್ಲಬ್ ಸೀಟಿಗೆ ಸಹಿ ಹಾಕಬೇಕಾ? ಗುಂಪಿನ ಸಿಪಿಎ (ಅಮೆರಿಕದಲ್ಲಿ ಸಿಎ ಇದ್ದ ಹಾಗೆ) ಜೊತೆ ಪ್ರಶ್ನೋತ್ತರ

ಪ್ರಶ್ನೆ:
ಮೇಡಂ, ನಮಸ್ಕಾರ. ನಾವು ಅಮೆರಿಕಕ್ಕೆ ಬಂದು 12 ವರ್ಷ ಆಯ್ತು. ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೀನಿ, ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲಿದೆ. ನನ್ನ ಹೆಂಡತಿ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಮೇಲೆ ಸಣ್ಣ ಕನ್ಸಲ್ಟಿಂಗ್ ಎಲ್‌ಎಲ್‌ಸಿ (ಕಂಪನಿ) ನಡೆಸುತ್ತಾಳೆ. ಮಗಳು ಈ ವರ್ಷ 9ನೇ ತರಗತಿ ಮುಗಿಸುತ್ತಾಳೆ. ಅವಳಿಗೆ ಬಾಸ್ಕೆಟ್‌ಬಾಲ್ ಅಂದ್ರೆ ಪ್ರಾಣ, ಶಾಲೆಯ ತಂಡದಲ್ಲೂ ಆಡುತ್ತಾಳೆ. ನಿಜ ಹೇಳಬೇಕೆಂದರೆ, ಈಗ ನಾನೂ ಅವಳೂ ಮನಸ್ಸು ಬಿಚ್ಚಿ ಮಾತಾಡುವುದು ಆಟದ ಬಗ್ಗೆ ಮಾತ್ರ.

ನಮ್ಮೂರಿನ ಎನ್‌ಬಿಎ (ಬಾಸ್ಕೆಟ್‌ಬಾಲ್ ಲೀಗ್) ತಂಡದಿಂದ ಫೋನ್ ಬಂತು. ಎರಡು ಕ್ಲಬ್ ಸೀಟು (ಹೆಚ್ಚಿನ ಸೌಲಭ್ಯ ಇರುವ ದುಬಾರಿ ಸೀಟು), 5 ವರ್ಷದ ಒಪ್ಪಂದ. ಒಂದು ಸೀಟಿಗೆ ಪಂದ್ಯಕ್ಕೆ 200 ಡಾಲರ್. ಹೋಂ ಪಂದ್ಯ 41, ಜೊತೆಗೆ ಪ್ರೀ-ಸೀಸನ್ (ಸೀಸನ್‌ಗೆ ಮೊದಲಿನ ಅಭ್ಯಾಸ ಪಂದ್ಯ) 2. ಪ್ರತಿ ವರ್ಷ ಶೇ. 4ರಷ್ಟು ಏರಿಕೆ. ಕ್ಲಬ್ ಊಟ, ಒಂದು ಪಾರ್ಕಿಂಗ್ ಪಾಸ್ ಅದರಲ್ಲೇ ಸೇರಿದೆ. ಹೋಗದ ಪಂದ್ಯಗಳನ್ನು ಮಾರಿದರೆ ದುಡ್ಡು ಹುಟ್ಟುತ್ತೆ ಅಂತ ಸೇಲ್ಸ್‌ನವರು ಹೇಳುತ್ತಾರೆ. ಶುಕ್ರವಾರದೊಳಗೆ ಹೇಳಬೇಕಂತೆ. ಎಲ್‌ಎಲ್‌ಸಿ ಖರ್ಚಿಗೆ ತೋರಿಸಬಹುದಾ? ಸಹಿ ಹಾಕಲಾ, ಬೇಡ್ವಾ?

ಸಿಪಿಎ ಉತ್ತರ:
ನಮಸ್ಕಾರ. ಮಗಳ ಜೊತೆ ಕೂರುವ ಆಸೆಯಿಂದ ಕೇಳಿದ್ದೀರಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರ ಕೊಡ್ತೀನಿ.

ಮೊದಲು ಮೊತ್ತ ನೋಡೋಣ. 43 ಪಂದ್ಯ, ಎರಡು ಸೀಟು ಅಂದ್ರೆ ಮೊದಲ ವರ್ಷ 17,200 ಡಾಲರ್. ಶೇ. 4 ಸೇರಿಸುತ್ತಾ ಹೋದರೆ ಐದನೇ ವರ್ಷಕ್ಕೆ 20,122 ಆಗುತ್ತೆ. ಐದೂ ವರ್ಷ ಕೂಡಿದರೆ ಸುಮಾರು 93,160 ಡಾಲರ್. ಸೇಲ್ಸ್‌ನವರು ಹೇಳುವುದು "ಪಂದ್ಯಕ್ಕೆ 200" ಅಂತ. ನೀವು ಸಹಿ ಹಾಕುವುದು 93 ಸಾವಿರದ ಕಾಗದಕ್ಕೆ. ಅದನ್ನು ಸಾಲ ಅಂತಲೇ ಲೆಕ್ಕ ಹಾಕಿ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಮಗಳು 9ನೇ ತರಗತಿ ಮುಗಿಸುತ್ತಾಳೆ ಅಂದಿರಿ. ಮುಂದಿನ ಸೀಸನ್ ಅವಳಿಗೆ 10ನೇ ತರಗತಿ, ಆಮೇಲೆ 11, 12. ಮೂರು ಸೀಸನ್ ಆದಮೇಲೆ ಕಾಲೇಜಿಗೆ ಹೊರಡುತ್ತಾಳೆ. ಒಪ್ಪಂದದ ನಾಲ್ಕನೇ, ಐದನೇ ವರ್ಷ ಅವಳು ಊರಿನಲ್ಲೇ ಇರಲಿಕ್ಕಿಲ್ಲ. ಏರಿಕೆಯಿಂದಾಗಿ ಅವೇ ಅತಿ ದುಬಾರಿ ವರ್ಷಗಳು, ಎರಡೂ ಸೇರಿ 39,470 ಡಾಲರ್. ಅದೇ ಹೊತ್ತಿಗೆ ಕಾಲೇಜು ಫೀಸಿನ ಬಿಲ್ ಕೂಡ ಮನೆಗೆ ಬರುತ್ತಿರುತ್ತೆ. ಯಾರ ಪಕ್ಕ ಕೂರಬೇಕು ಅಂತ ಸೀಟು ತಗೊಳ್ತೀರೋ ಅವಳಿಲ್ಲದ ಎರಡು ವರ್ಷಕ್ಕೆ ಇಷ್ಟು ಕಟ್ಟಬೇಕಾಗುತ್ತೆ.

ಮೂರನೆಯದು ವೀಸಾ. ಎಚ್-1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಗಡುವು. ಅಷ್ಟರಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲವೇ ವೀಸಾ ಬದಲಿಸಬೇಕು, ಇಲ್ಲವೇ ಹೊರಡಬೇಕು. ಹೆಂಡತಿಯವರ ಎಚ್-4 ನಿಮ್ಮ ವೀಸಾವನ್ನೇ ನಂಬಿಕೊಂಡಿದೆ. ಹೊಸ ಕೆಲಸ ಬೇರೆ ರಾಜ್ಯದಲ್ಲಿ ಸಿಕ್ಕಿದರೂ ಸೀಟು ನಿಮ್ಮ ಜೊತೆ ಬರಲ್ಲ. ಆದ್ದರಿಂದ ಒಪ್ಪಂದದಲ್ಲಿ ಎರಡು ಸಾಲು ಹುಡುಕಿ. ನಡುವೆ ಕಟ್ಟುವುದು ನಿಲ್ಲಿಸಿದರೆ ಏನು? ಕೆಲವು ಒಪ್ಪಂದಗಳಲ್ಲಿ ಉಳಿದ ವರ್ಷಗಳ ಪೂರ್ತಿ ಹಣ ಒಂದೇ ಸಲ ಬಾಕಿ ಆಗುತ್ತೆ. ಬೇರೆಯವರ ಹೆಸರಿಗೆ ವರ್ಗಾಯಿಸಬಹುದಾ? ತಂಡದ ಒಪ್ಪಿಗೆ ಬೇಕಾ? ಸೇಲ್ಸ್‌ನವರು ಫೋನಿನಲ್ಲಿ "ಅದೆಲ್ಲಾ ಅಡ್ಜಸ್ಟ್ ಮಾಡ್ತೀವಿ ಸರ್" ಅಂದರೆ, ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಲು ಕೇಳಿ.

ಟ್ಯಾಕ್ಸ್ ವಿಷಯಕ್ಕೆ ನೇರ ಉತ್ತರ: ಆಗಲ್ಲ. 2018ಕ್ಕೆ ಮೊದಲು ಗ್ರಾಹಕರನ್ನು ಪಂದ್ಯಕ್ಕೆ ಕರೆದುಕೊಂಡು ಹೋದರೆ ಅರ್ಧ ಖರ್ಚು ತೋರಿಸಬಹುದಿತ್ತು. 2017ರ ತೆರಿಗೆ ಕಾಯ್ದೆ ಮನರಂಜನೆಯ ಖರ್ಚನ್ನು ಪೂರ್ತಿ ತೆಗೆದುಹಾಕಿತು. ಗ್ರಾಹಕರ ಜೊತೆಗಿನ ಊಟಕ್ಕೆ ಬೇರೆ ಬಿಲ್ ಇದ್ದರೆ, ಅಥವಾ ಬಿಲ್‌ನಲ್ಲಿ ಊಟದ ಬೆಲೆ ಪ್ರತ್ಯೇಕವಾಗಿ ಇದ್ದರೆ ಅದರ ಶೇ. 50 ತೋರಿಸಬಹುದು. ನಿಮ್ಮದು ಎಲ್ಲಾ ಸೇರಿಸಿದ ಬೆಲೆ, ಕೂರುವವರು ಅಪ್ಪ ಮಗಳು. ದಯವಿಟ್ಟು ಎಲ್‌ಎಲ್‌ಸಿಯನ್ನು ಇದರಿಂದ ದೂರ ಇಡಿ.

ಶುಕ್ರವಾರದ ಗಡುವಿಗೆ ಹೆದರಬೇಡಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಕಳೆದ ಸೀಸನ್‌ನ ವೇಳಾಪಟ್ಟಿ ಪ್ರಿಂಟ್ ತೆಗೆದು ಮಗಳ ಜೊತೆ ಕೂತು, ನಿಜವಾಗಿ ಹೋಗಲು ಆಗುತ್ತಿದ್ದ ಸಂಜೆಗಳಿಗೆ ಮಾತ್ರ ಗುರುತು ಹಾಕಿ. ಎಣಿಸಿ ಬಂದು ಹೇಳಿ. ಡಾಲರ್ ಆಮೇಲೆ ನೋಡೋಣ.

ಇನ್ನೊಬ್ಬ ಸದಸ್ಯರು:
ಅಕ್ಕಾ, ತಂಡ ಚೆನ್ನಾಗಿರುವಾಗ ಮಾರೋದು ಸುಲಭ ಅಲ್ವಾ? ದೊಡ್ಡ ಆಟಗಾರ ಇದ್ದರೆ ಟಿಕೆಟ್ ಕೈಯಲ್ಲಿ ನಿಲ್ಲಲ್ಲ.

ಸಿಪಿಎ:
ನಿಜ. ಆದರೆ ಆಟಗಾರನನ್ನು ಐದು ವರ್ಷ ಇಟ್ಟುಕೊಳ್ತೀವಿ ಅಂತ ತಂಡ ನಿಮಗೆ ಬರೆದುಕೊಡಲ್ಲ. ಡಲ್ಲಾಸ್ ಮ್ಯಾವರಿಕ್ಸ್ 2024ರಲ್ಲಿ ಫೈನಲ್ಸ್ ಆಡಿತು. 2025ರ ಫೆಬ್ರವರಿಯಲ್ಲಿ ತನ್ನ ಸ್ಟಾರ್ ಆಟಗಾರ ಲುಕಾ ಡಾನ್ಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟುಬಿಟ್ಟಿತು. ಅವನನ್ನು ನೋಡಲೆಂದೇ ಸೀಟು ಹಿಡಿದವರು ಬೆಳಗ್ಗೆ ಎದ್ದು ಫೋನ್ ನೋಡಿ ದಂಗಾದರು. ಆ ಸೀಸನ್ ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಆಮೇಲೆ ಅದೇ ತಂಡಕ್ಕೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಮೊದಲ ಆಯ್ಕೆಯ ಅದೃಷ್ಟ ಖುಲಾಯಿಸಿ ಹೊಸ ಆಟಗಾರ ಕೂಪರ್ ಫ್ಲ್ಯಾಗ್ ಬಂದ.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ನೋಡಿ. 2015, 2017, 2018ರಲ್ಲಿ ಗೆದ್ದರು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೊಸ ಚೇಸ್ ಸೆಂಟರ್‌ಗೆ ಹೋದರು. ಅಲ್ಲಿ ಸೀಟು ಬೇಕಿದ್ದವರು ಟಿಕೆಟ್ ಹಣದ ಜೊತೆಗೆ ಒಂದು ದೊಡ್ಡ ಸದಸ್ಯತ್ವ ಶುಲ್ಕವನ್ನೂ ಕಟ್ಟಬೇಕಿತ್ತು, ಅದು ವಾಪಸ್ ಬರುವುದು 30 ವರ್ಷದ ಮೇಲೆ, ಬಡ್ಡಿ ಇಲ್ಲದೆ. ಮೊದಲ ಸೀಸನ್‌ನಲ್ಲೇ ಸ್ಟಾರ್‌ಗಳಿಗೆ ಗಾಯ, 15 ಗೆಲುವು, 50 ಸೋಲು. 2020ರ ಮಾರ್ಚ್ 11ಕ್ಕೆ ಕೋವಿಡ್‌ನಿಂದ ಇಡೀ ಲೀಗ್ ನಿಂತುಹೋಯಿತು. 2022ರಲ್ಲಿ ಮತ್ತೆ ಚಾಂಪಿಯನ್. ಐದು ವರ್ಷದಲ್ಲಿ ಏನೇನು ಆಗಬಹುದು ಅಂತ ಇದರಲ್ಲೇ ಗೊತ್ತಾಗುತ್ತೆ. ಪಂದ್ಯ ರದ್ದಾದರೆ ಹಣ ವಾಪಸ್ಸೋ, ಮುಂದಿನ ಸೀಸನ್‌ಗೆ ಜಮೆಯೋ, ಅದನ್ನೂ ಒಪ್ಪಂದದಲ್ಲಿ ಓದಿ.

ಮತ್ತೊಬ್ಬ ಸದಸ್ಯರು:
ನಾವು ನಾಲ್ಕು ಮನೆಯವರು ಸೇರಿ ಎರಡು ಸೀಟು ಹಂಚಿಕೊಂಡಿದ್ದೀವಿ. ಆಗಸ್ಟ್‌ನಲ್ಲಿ ವೇಳಾಪಟ್ಟಿ ಬಂದ ವಾರ ಒಬ್ಬರ ಮನೆಯಲ್ಲಿ ಸೇರ್ತೀವಿ. ಚಕ್ಕುಲಿ ಡಬ್ಬಿ ನಡುವೆ. ಚೀಟಿ ಎತ್ತಿ ಸರದಿ ಗೊತ್ತು ಮಾಡಿ, ಒಬ್ಬೊಬ್ಬರು ಒಂದೊಂದು ಪಂದ್ಯ ಆರಿಸ್ತೀವಿ. ಕೊನೆಯವರಾದವರು ಎರಡನೇ ಸುತ್ತಿಗೆ ಮೊದಲು. ಮೂರು ವರ್ಷದಿಂದ ಜಗಳ ಇಲ್ಲ. ಇವರಿಗೂ ಇದು ಆಗಬಹುದಾ ಅಕ್ಕಾ?

ಸಿಪಿಎ:
ಒಳ್ಳೆಯ ದಾರಿ. ಆದರೆ ಒಪ್ಪಂದ ಒಬ್ಬರ ಹೆಸರಲ್ಲೇ ಇರುತ್ತೆ. ಒಂದು ಮನೆಯವರು ಸಿಯಾಟಲ್‌ಗೆ ವರ್ಗವಾಗಿ ಹೋದರೆ ಅವರ ಪಾಲು ಕಟ್ಟಬೇಕಾದವರು ಆ ಒಬ್ಬರು. ಸ್ನೇಹ ಎಷ್ಟೇ ಗಟ್ಟಿ ಇದ್ದರೂ ಒಂದು ಪುಟ ಬರೆದು ನಾಲ್ಕೂ ಮನೆಯವರು ಸಹಿ ಹಾಕಿ: ಬಿಟ್ಟು ಹೋಗುವವರು ಎಷ್ಟು ತಿಂಗಳು ಮೊದಲು ಹೇಳಬೇಕು, ಬದಲಿ ಮನೆಯನ್ನು ಯಾರು ಹುಡುಕಬೇಕು, ಪ್ಲೇಆಫ್ ಟಿಕೆಟ್ ಯಾರಿಗೆ. ಪ್ಲೇಆಫ್ ಬಗ್ಗೆ ತಪ್ಪದೆ ಬರೆಯಿರಿ.

ಬೆಂಗಳೂರಿನಿಂದ ಒಬ್ಬ ಸದಸ್ಯರು:
ಇಲ್ಲಿ ನಮ್ಮ ಕಂಪನಿಯಲ್ಲಿ ಐಪಿಎಲ್ ಹಾಸ್ಪಿಟಾಲಿಟಿ ಬಾಕ್ಸ್ ಕೆಲವು ವರ್ಷಕ್ಕೆ ತಗೊಳ್ಳುವ ಮಾತಿದೆ. ಇದೇ ಲೆಕ್ಕ ನಡೆಯುತ್ತಾ?

ಸಿಪಿಎ:
ಭಾರತದ ತೆರಿಗೆಯನ್ನು ನಿಮ್ಮ ಸಿಎ ಹತ್ತಿರ ಕೇಳಿ. ನಾನು ಹೇಳಬಹುದಾದದ್ದು ಒಂದೇ: ಊರು ಬದಲಾದರೆ ಏನು ಅಂತ ಬರೆಸಿಕೊಳ್ಳಿ. 2009ರಲ್ಲಿ ಐಪಿಎಲ್ ಪೂರ್ತಿ ದಕ್ಷಿಣ ಆಫ್ರಿಕಾದಲ್ಲಿ ಆಯಿತು, 2020ರಲ್ಲಿ ಯುಎಇಯಲ್ಲಿ. 2022ರಲ್ಲಿ ಲೀಗ್ ಪಂದ್ಯಗಳೆಲ್ಲ ಮುಂಬೈ, ಪುಣೆ ಕಡೆಯೇ ನಡೆದವು. ಆ ವರ್ಷ ಚಿನ್ನಸ್ವಾಮಿಯಲ್ಲಿ ಒಂದು ಐಪಿಎಲ್ ಪಂದ್ಯವೂ ಇರಲಿಲ್ಲ.

ಪ್ರಶ್ನೆ ಕೇಳಿದವರು:
ಮೇಡಂ, ನೀವು ಹೇಳಿದ ಹಾಗೆ ಮಾಡಿದೆ. ಊಟದ ಟೇಬಲ್ ಮೇಲೆ ಎರಡು ಹಾಳೆ ಅಂಟಿಸಿ ಮಗಳು ಹಸಿರು ಮಾರ್ಕರ್ ಹಿಡಿದಳು. ಶುಕ್ರ, ಶನಿ, ಭಾನುವಾರದ ಪಂದ್ಯ 18 ಇದ್ದವು. ಡಿಸೆಂಬರ್ ಕೊನೆಗೆ ಊರಿಗೆ ಹೋಗ್ತೀವಿ, ಅಲ್ಲಿ 4 ಹೋದವು. ಅವಳದೇ ಶಾಲೆಯ ಪಂದ್ಯಗಳ ದಿನ 3 ಹೋದವು. ಉಳಿದದ್ದು 11. ವಾರದ ದಿನ ಪಂದ್ಯ ಸಂಜೆ 7ಕ್ಕೆ, ನಮ್ಮ ಮನೆ ಅರೀನಾದಿಂದ 35 ಮೈಲಿ, ವಾಪಸ್ ಬಂದು ಮಲಗುವಾಗ 11 ದಾಟುತ್ತೆ. ಅಂಥವು 3 ಸಾಕು ಅಂದಳು. ಒಟ್ಟು 14. ನಾನು 30 ಅಂದುಕೊಂಡಿದ್ದೆ.

ಸಿಪಿಎ:
ಈಗ ಲೆಕ್ಕ ಸುಲಭ. 43ರಲ್ಲಿ 14 ಹೋಗ್ತೀರಿ, 29 ಮಾರಬೇಕು. ನಿಮ್ಮ ಕೈಯಲ್ಲಿ ಉಳಿಯುವುದು ಯಾವುವು ನೋಡಿ. ಮಂಗಳವಾರ, ಬುಧವಾರದ ಪಂದ್ಯ, ಎದುರು ಪಟ್ಟಿಯ ಕೆಳಗಿನ ತಂಡ, ಜೊತೆಗೆ ಪ್ರೀ-ಸೀಸನ್. ಚೆನ್ನಾಗಿ ಮಾರಾಟವಾಗುವ ಶನಿವಾರಗಳನ್ನು ನೀವೇ ಇಟ್ಟುಕೊಂಡಿದ್ದೀರಿ. ಅದೇ ತಾನೇ ನಿಮಗೆ ಬೇಕಾಗಿದ್ದೂ.

ಮಾರಾಟದ ಕಮಿಷನ್ ಕಳೆದು ಮುಖಬೆಲೆಯ ಶೇ. 60 ಬಂತು ಅಂತ ಇಟ್ಟುಕೊಳ್ಳೋಣ. 29 ಸಂಜೆಗೆ 6,960 ಡಾಲರ್ ಸಿಗುತ್ತೆ. ನಿಮ್ಮ ಕೈಯಿಂದ ಹೋದದ್ದು 10,240. ಅಂದ್ರೆ ನೀವು ಕೂತ ಒಂದೊಂದು ಸಂಜೆಗೆ ಇಬ್ಬರಿಗೆ 731 ಡಾಲರ್. ಅದೇ 14 ಪಂದ್ಯಕ್ಕೆ ಬಿಡಿ ಟಿಕೆಟ್ ಕೊಂಡರೆ? ಸೀಟಿಗೆ 300 ಕೊಟ್ಟರೂ, ಅಂದ್ರೆ ಒಂದೂವರೆ ಪಟ್ಟು ಕೊಟ್ಟರೂ, 8,400ರಲ್ಲಿ ಮುಗಿಯುತ್ತೆ. ಪಾರ್ಕಿಂಗ್, ಊಟ ಬೇರೆ, ಅದನ್ನೂ ಸೇರಿಸಿ ನೋಡಿ. ಆದರೂ ಒಪ್ಪಂದದ ಹೊರೆ ಇಲ್ಲ, ಮಗಳಿಗೆ ಪರೀಕ್ಷೆ ಇದ್ದರೆ ಆ ವಾರ ಬಿಡಬಹುದು. ನಿಮ್ಮ ಅರೀನಾದಲ್ಲಿ ಶೇ. 60 ಸರಿಯೋ ತಪ್ಪೋ ಅಂತ ನೋಡಲು ಮರುಮಾರಾಟದ ಆ್ಯಪ್ ತೆರೆದು, ಪಂದ್ಯಕ್ಕೆ ಎರಡು ಗಂಟೆ ಮೊದಲು ಅದೇ ವಿಭಾಗದ ಬೆಲೆಯನ್ನು ನಾಲ್ಕೈದು ವಾರ ಬರೆದಿಡಿ.

ಇದರಲ್ಲಿ ಟ್ಯಾಕ್ಸ್‌ನ ಒಂದು ಏಟೂ ಇದೆ. ಒಂದು ಪಂದ್ಯದ ಟಿಕೆಟ್ ಲಾಭಕ್ಕೆ ಮಾರಿದರೆ ಆ ಲಾಭಕ್ಕೆ ತೆರಿಗೆ ಕಟ್ಟಬೇಕು, 1099-ಕೆ ಫಾರಂ (ಮಾರಾಟದ ಆ್ಯಪ್‌ನವರು ನಿಮಗೂ ತೆರಿಗೆ ಇಲಾಖೆಗೂ ಕಳಿಸುವ ಲೆಕ್ಕ) ಬರಲಿ ಬಿಡಲಿ. ಇನ್ನೊಂದು ಪಂದ್ಯದಲ್ಲಿ ನಷ್ಟ ಆದರೆ, ಸ್ವಂತಕ್ಕೆ ಕೊಂಡ ವಸ್ತುವಿನ ನಷ್ಟ ಅಂತ ಅದನ್ನು ಕಳೆಯಲು ಬಿಡಲ್ಲ. ಲಾಭ ನಷ್ಟ ಎರಡನ್ನೂ ಕೂಡಿಸಿ ಸರಿಹೋಯಿತು ಅನ್ನುವ ಹಾಗಿಲ್ಲ. 1099-ಕೆ ಫಾರಂನ ಮಿತಿ ಈಗ ಮತ್ತೆ 20,000 ಡಾಲರ್ ಮತ್ತು 200 ವ್ಯವಹಾರಕ್ಕೆ ಏರಿದೆ. ಆದರೆ ಮಿತಿಗಿಂತ ಕಡಿಮೆ ಅಂದ ಮಾತ್ರಕ್ಕೆ ತೆರಿಗೆ ತಪ್ಪಲ್ಲ. ಯಾವ ಟಿಕೆಟ್ ಎಷ್ಟಕ್ಕೆ ಕೊಂಡದ್ದು, ಎಷ್ಟಕ್ಕೆ ಮಾರಿದ್ದು ಅಂತ ಒಂದು ಹಾಳೆ ಇಟ್ಟುಕೊಳ್ಳಿ.

ಮಾರುವ ಕೆಲಸದ ಬಗ್ಗೆ ನನ್ನದೇ ಅನುಭವ ಹೇಳ್ತೀನಿ. ಕೆಲವು ವರ್ಷದ ಹಿಂದೆ ನಾನೂ ನಮ್ಮವರೂ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದೆವು. ಎರಡನೇ ಚಳಿಗಾಲ ಅಪ್ಪನಿಗೆ ಹುಷಾರು ತಪ್ಪಿ ಮೈಸೂರಿಗೆ ಓಡಿದೆ. ಎರಡು ತಿಂಗಳು ಅಲ್ಲೇ. ನಮ್ಮ ಊರಿನ ಸಂಜೆ 7ರ ಪಂದ್ಯ ಅಂದ್ರೆ ಮೈಸೂರಿನಲ್ಲಿ ಬೆಳಗ್ಗೆ 6:30. ಆಸ್ಪತ್ರೆಯ ವರಾಂಡದಲ್ಲಿ ಫ್ಲಾಸ್ಕ್ ಪಕ್ಕ ಇಟ್ಟುಕೊಂಡು ಬೆಲೆ ಇಳಿಸುತ್ತಾ ಕೂರುತ್ತಿದ್ದೆ. 120, 80, 45. ಆರೂವರೆ ಆಗುತ್ತಿತ್ತು, ಸೀಟು ಖಾಲಿ. ಅಪ್ಪನ ರಿಪೋರ್ಟ್‌ಗಾಗಿ ಕಾಯುತ್ತಾ ಟಿಕೆಟ್ ಮಾರುತ್ತಿದ್ದೆನಲ್ಲಾ ಅನ್ನುವುದು ಇವತ್ತಿಗೂ ಚುಚ್ಚುತ್ತೆ. ಅಪ್ಪ ಅಮ್ಮ ಊರಿನಲ್ಲಿರುವ ನಮ್ಮಂಥವರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಇಂಥ ಒಪ್ಪಂದ ಯಾರಿಗೂ ಬೇಡ ಅಂತ ನಾನು ಹೇಳಲ್ಲ. ನನ್ನ ಗ್ರಾಹಕರಲ್ಲಿ ಒಬ್ಬ ಹಿರಿಯ ದಂಪತಿ ಅರೀನಾದಿಂದ ನಡೆದು ಹೋಗುವಷ್ಟು ಹತ್ತಿರ ಇದ್ದಾರೆ. ಮನೆ ಸಾಲ ಇಲ್ಲ, ಮಕ್ಕಳು ದೊಡ್ಡವರು, 35 ಪಂದ್ಯಕ್ಕೆ ತಾವೇ ಹೋಗ್ತಾರೆ. ಅವರಿಗೆ ನಾನೇ ಸಹಿ ಹಾಕಿ ಅಂದೆ. ವರ್ಷಗಟ್ಟಲೆ ಅದೇ ಸೀಟು, ಅಕ್ಕಪಕ್ಕ ಅದೇ ಮುಖಗಳು, ಅದಕ್ಕೆ ಬೆಲೆ ಇದೆ. ನೀವು ಈಗ ಆ ಹಂತದಲ್ಲಿಲ್ಲ.

ತಂಡದವರಿಗೆ ಫೋನ್ ಮಾಡಿ ಹತ್ತು ಹನ್ನೆರಡು ಪಂದ್ಯದ ಪ್ಯಾಕ್ ಇದೆಯಾ ಕೇಳಿ. ಪಂದ್ಯ ನಾವೇ ಆರಿಸಬಹುದಾ ಕೇಳಿ. ಒಂದೇ ವರ್ಷದ್ದು ಇರಲಿ.

ಎನ್‌ಎಫ್‌ಎಲ್ ಅಭಿಮಾನಿ ಸದಸ್ಯರು:
ಎನ್‌ಎಫ್‌ಎಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ಗೂ ಇದೇ ಮಾತಾ ಮೇಡಂ?

ಸಿಪಿಎ:
ಸ್ವಲ್ಪ ಬೇರೆ. ಅಲ್ಲಿ ರೆಗ್ಯುಲರ್ ಸೀಸನ್‌ನಲ್ಲಿ ಹೋಂ ಪಂದ್ಯ 8 ಅಥವಾ 9, ಬಹುಪಾಲು ಭಾನುವಾರ. ಸಂಜೆಗಳ ತೊಂದರೆ ಕಡಿಮೆ. ಆದರೆ ಹಲವು ಸ್ಟೇಡಿಯಂಗಳಲ್ಲಿ ಸೀಟ್ ಲೈಸೆನ್ಸ್ ಅಂತ ಮೊದಲೇ ದೊಡ್ಡ ಮೊತ್ತ ಕೇಳ್ತಾರೆ. ಅದು ಟಿಕೆಟ್ ಕೊಳ್ಳುವ ಹಕ್ಕು ಮಾತ್ರ, ಟಿಕೆಟ್‌ಗೆ ಪ್ರತಿ ವರ್ಷ ಬೇರೆ ಹಣ. ಒಂದು ವರ್ಷ ಕಟ್ಟದಿದ್ದರೆ ಲೈಸೆನ್ಸೇ ಕೈತಪ್ಪಬಹುದು. ತೆರೆದ ಸ್ಟೇಡಿಯಂ ಆದರೆ ಸೆಪ್ಟೆಂಬರ್‌ನ ಮಧ್ಯಾಹ್ನ ಒಂದು ಪಂದ್ಯಕ್ಕೆ ಆ ಸೀಟಿನಲ್ಲೇ ಕೂತು ನೋಡಿ, ಬಿಸಿಲು ಯಾವ ಕಡೆ ಅಂತ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು:
ಮೇಡಂ, ಶುಕ್ರವಾರ ಫೋನ್ ಮಾಡಿ 5 ವರ್ಷದ್ದು ಬೇಡ ಅಂದೆ. ಎರಡು ದಿನ ಬಿಟ್ಟು ಅವರೇ ವಾಪಸ್ ಫೋನ್ ಮಾಡಿದರು. 10 ಪಂದ್ಯದ ಪ್ಯಾಕ್ ಇದೆಯಂತೆ, ಒಂದು ವರ್ಷದ್ದು, 6 ಪಂದ್ಯ ನಾವೇ ಆರಿಸಬಹುದು. ಕ್ಲಬ್ ಅಲ್ಲ, ಅದರ ಕೆಳಗಿನ ಮೂಲೆಯ ಸೀಟು. ಮಗಳನ್ನು ಕೇಳಿದೆ. "ಅಪ್ಪಾ, ಮೂಲೆಯಿಂದ ಪ್ಲೇ ಕಟ್ಟೋದು ಚೆನ್ನಾಗಿ ಕಾಣುತ್ತೆ" ಅಂದಳು. ತಗೊಂಡೆ. ಉಳಿದ ಹಣದಲ್ಲಿ ತಿಂಗಳಿಗೆ ಇಷ್ಟು ಅಂತ ಅವಳ 529 ಖಾತೆಗೆ (ಕಾಲೇಜು ಖರ್ಚಿನ ಉಳಿತಾಯ ಖಾತೆ) ಹಾಕಲು ಶುರು ಮಾಡಿದ್ದೀವಿ. ಆಗಸ್ಟ್‌ನಲ್ಲಿ ವೇಳಾಪಟ್ಟಿ ಬರುತ್ತೆ. ಹಸಿರು ಮಾರ್ಕರ್ ಫ್ರಿಜ್ ಮೇಲೇ ಇದೆ.